ತೆಳು ನೆಕ್, ಚುರುಕು ಬೆರಳು: ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರಿಗೆ ಹತ್ತು ಸೂತ್ರಗಳು

ಗಿಟಾರ್ ಕಲಿಯುವವರು ಒಂದು ಹಂತ ದಾಟಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಸ್ಪೀಡಾಗಿ ನುಡಿಸಬೇಕು, ಯಾವ ಗಿಟಾರ್ ತಗೊಳ್ಳಲಿ?’ 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದನ್ನು ಕಣ್ಣಾರೆ ಕಂಡವರಲ್ಲಿ ಅನೇಕರು ಈಗ ತಮ್ಮ ಮಕ್ಕಳಿಗೆ ಗಿಟಾರ್ ಕೊಡಿಸುವ ವಯಸ್ಸಿಗೆ ಬಂದಿದ್ದಾರೆ. ಅವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ತೆಳು ನೆಕ್ ವೇಗಕ್ಕೆ ನೆರವಾಗುತ್ತದೆ, ನಿಜ. ಆದರೆ ಅದು ನಿಮ್ಮ ಕೈಗೆ ಒಗ್ಗಬೇಕು, ಅದರ ಫ್ರೆಟ್ ಕೆಲಸ ಶುದ್ಧವಾಗಿರಬೇಕು. ಇವೆರಡೂ ಇಲ್ಲದಿದ್ದರೆ ತೆಳುವಿಗೆ ಕೊಟ್ಟ ದುಡ್ಡು ದಂಡ.

1. ಅಳತೆ ಕೇಳಿ, ಜಾಹೀರಾತು ಬಿಡಿ

‘ಸ್ಲಿಮ್’, ‘ಫಾಸ್ಟ್’, ‘ಸ್ಪೀಡ್ ನೆಕ್’ ಎಂದು ಎಲ್ಲ ಕಂಪನಿಗಳೂ ಬರೆದುಕೊಳ್ಳುತ್ತವೆ. ನಿಮಗೆ ಬೇಕಾದದ್ದು ಎರಡು ಅಂಕಿ: ಒಂದನೇ ಫ್ರೆಟ್ ಬಳಿ ನೆಕ್ ಎಷ್ಟು ದಪ್ಪ, ಹನ್ನೆರಡನೇ ಫ್ರೆಟ್ ಬಳಿ ಎಷ್ಟು. ಜಪಾನಿನ ಇಬಾನೆಜ್ ಕಂಪನಿ 1987ರಲ್ಲಿ ಆರ್‌ಜಿ ಸರಣಿಯನ್ನು ತಂದಾಗಿನಿಂದ ‘ವಿಜಾರ್ಡ್’ ಎಂಬ ನೆಕ್ಕೇ ಈ ಲೋಕದ ಅಳತೆಗೋಲು. ಅದರ ಅತಿ ತೆಳು ರೂಪಗಳು ಒಂದನೇ ಫ್ರೆಟ್ ಬಳಿ 17 ಮಿಲಿಮೀಟರಿನ ಆಸುಪಾಸಿನಲ್ಲಿವೆ. ಈಚಿನ ವಿಜಾರ್ಡ್-3 ನೆಕ್ 19ರಿಂದ ಶುರುವಾಗಿ ಹನ್ನೆರಡನೇ ಫ್ರೆಟ್‌ಗೆ 21ಕ್ಕೆ ಬರುತ್ತದೆ. ಈಗಿನ ಫೆಂಡರ್ ಸ್ಟ್ರಾಟೊಕಾಸ್ಟರ್‌ಗಳಲ್ಲಿ ಹೆಚ್ಚಿನವು ಸುಮಾರು 21ರಿಂದ 23. ಐವತ್ತರ ದಶಕದ ಮಾದರಿಯ ಗಿಬ್ಸನ್ ಲೆಸ್ ಪಾಲ್ 23ರಿಂದ ಹೊರಟು 25ರ ಹತ್ತಿರ ಹೋಗುತ್ತದೆ. ಎರಡು ಮಿಲಿಮೀಟರ್ ಎಂದರೆ ಏನು ಮಹಾ ಅನ್ನಿಸಬಹುದು. ಕೈಗೆ ಅದು ದೊಡ್ಡ ಅಂತರವೇ.

2. ದಪ್ಪ ಒಂದೇ ಇದ್ದರೂ ಹೆಗಲು ಬೇರೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಕೊಳ್ಳುವವರು ಎಡವುವುದು ಇಲ್ಲಿಯೇ. ನೆಕ್ಕಿನ ಹಿಂಬದಿ ಸಮವಾಗಿ ದುಂಡಾಗಿದ್ದರೆ ಅದನ್ನು ‘ಸಿ’ ಆಕಾರ ಎನ್ನುತ್ತಾರೆ. ನಡುವೆ ಚಪ್ಪಟೆಯಾಗಿ, ಎರಡೂ ಪಕ್ಕದಲ್ಲಿ ಗಕ್ಕನೆ ತಿರುಗಿದರೆ ‘ಡಿ’. ತೆಳು ನೆಕ್‌ಗಳು ಬಹುಪಾಲು ‘ಡಿ’ ಕಡೆಯವು. 20 ಮಿಲಿಮೀಟರಿನ ‘ಡಿ’ ನೆಕ್ಕಿನ ಹೆಗಲಲ್ಲಿ ಮರ ಹೆಚ್ಚು ಉಳಿದಿರುತ್ತದೆ, ಹಾಗಾಗಿ 21 ಮಿಲಿಮೀಟರಿನ ‘ಸಿ’ಗಿಂತ ಅದು ಹಿಡಿತದಲ್ಲಿ ಅಗಲವೆನಿಸುತ್ತದೆ. ಹೆಬ್ಬೆರಳನ್ನು ನೆಕ್ಕಿನ ಹಿಂದೆ ನಡುವಿಗೆ ಒತ್ತಿ ನುಡಿಸುವವರಿಗೆ ‘ಡಿ’ ಹಿತ. ಹೆಬ್ಬೆರಳನ್ನು ಮೇಲಿನಿಂದ ಇಣುಕಿಸಿ ಬ್ಲೂಸ್ ನುಡಿಸುವವರಿಗೆ ‘ಸಿ’ ಹಿತ. ವೇಗಕ್ಕೆ ತೆಳು ನೆಕ್ಕೇ ಬೇಕೆಂದಿಲ್ಲ: ಸ್ಟೀವ್ ವಾಯ್ ಅವರಿಗೆ ಗಿಟಾರ್ ಹೇಳಿಕೊಟ್ಟ ಗುರು ಜೋ ಸತ್ರಿಯಾನಿ ಅವರನ್ನೇ ನೋಡಿ. ಇಬಾನೆಜ್‌ನಲ್ಲಿ ಸತ್ರಿಯಾನಿ ಹೆಸರಿನ ಮಾದರಿಗಳ ನೆಕ್ ಅದೇ ಕಂಪನಿಯ ವಿಜಾರ್ಡ್‌ಗಿಂತ ದುಂಡು, ದಪ್ಪ. ಅವರ ವೇಗಕ್ಕೆ ಅದರಿಂದ ಯಾವ ಕುಂದೂ ಬಂದಿಲ್ಲ. ಎಪ್ಪತ್ತರ ದಶಕದಲ್ಲಿ ಅಲ್ ಡಿ ಮಿಯೊಲಾ ಮಿಂಚಿನಂತೆ ನುಡಿಸಿದ್ದೂ ಲೆಸ್ ಪಾಲ್ ಹಿಡಿದೇ.

3. ಹೆಬ್ಬೆರಳಿನ ಬುಡ ಏನು ಹೇಳುತ್ತದೆ ಕೇಳಿ

ಅಂಗಡಿಯಲ್ಲಿ ಎರಡು ನಿಮಿಷ ನುಡಿಸಿದರೆ ಯಾವ ತೆಳು ನೆಕ್ಕಾದರೂ ಸೊಗಸೇ. ಕುರ್ಚಿ ಕೇಳಿ ಕುಳಿತು ಹದಿನೈದು–ಇಪ್ಪತ್ತು ನಿಮಿಷ ಬಿಡದೆ ನುಡಿಸಿ. ಆರನೇ ತಂತಿಯಿಂದ ಒಂದನೇ ತಂತಿಗೆ, ತಂತಿಗೆ ಮೂರು ಸ್ವರದಂತೆ ಏರಿ ಇಳಿಯಿರಿ. ಆಮೇಲೆ ಬಾರೆ ಕಾರ್ಡ್ ಹಿಡಿಯಿರಿ. ಬೆರಳು ಉದ್ದ, ಅಂಗೈ ಅಗಲ ಇರುವವರಿಗೆ ತೀರ ತೆಳು ನೆಕ್ಕಿನಲ್ಲಿ ಹಿಡಿಯಲು ಏನೂ ಸಿಕ್ಕುವುದಿಲ್ಲ. ಅಂಗೈ ಖಾಲಿ ಉಳಿಯುತ್ತದೆ, ಭಾರವೆಲ್ಲ ಹೆಬ್ಬೆರಳಿನ ತುದಿಯ ಮೇಲೆ ಬೀಳುತ್ತದೆ, ಬುಡದ ಮಾಂಸಖಂಡ ಬಿಗಿಯುತ್ತದೆ. ಈ ಬಿಗಿತ ಕಂಡರೆ ಆ ಗಿಟಾರ್ ನಿಮ್ಮದಲ್ಲ, ಎಷ್ಟೇ ಚೆಂದವಿರಲಿ. ‘ಅಭ್ಯಾಸವಾದರೆ ಸರಿಹೋಗುತ್ತೆ ಸಾರ್’ ಎಂಬ ಮಾತಿಗೆ ಮರುಳಾಗಬೇಡಿ. ನೋವು ನುಂಗಿಕೊಂಡು ಮಾಡಿದ ಅಭ್ಯಾಸ ಕೈ ಕೆಡಿಸುತ್ತದೆ. ಮಣಿಕಟ್ಟಿನ ನೋವು ವಾರಗಟ್ಟಲೆ ಉಳಿದರೆ ಗಿಟಾರ್ ಕೆಳಗಿಟ್ಟು ವೈದ್ಯರನ್ನು ಕಾಣಿ.

4. ಫ್ರೆಟ್‌ಬೋರ್ಡಿನ ಉಬ್ಬು ನೋಡಿ

ಫ್ರೆಟ್‌ಬೋರ್ಡಿನ ಮೇಲ್ಮೈ ಪೂರ್ತಿ ಸಮ ಇರುವುದಿಲ್ಲ, ಅಡ್ಡಕ್ಕೆ ತುಸು ಬಾಗಿರುತ್ತದೆ. ಇದನ್ನು ರೇಡಿಯಸ್ ಎಂದು ಅಳೆಯುತ್ತಾರೆ. ಅಂಕಿ ದೊಡ್ಡದಾದಷ್ಟೂ ಮೇಲ್ಮೈ ಚಪ್ಪಟೆ. ಹಳೆಯ ಫೆಂಡರ್‌ಗಳದು 184 ಮಿಲಿಮೀಟರ್, ಈಗಿನ ಅನೇಕ ಫೆಂಡರ್‌ಗಳದು 241, ಗಿಬ್ಸನ್‌ದು 305, ವಿಜಾರ್ಡ್-3ದು 400. ಉಬ್ಬು ಹೆಚ್ಚಿರುವ ಬೋರ್ಡಿನಲ್ಲಿ ತಂತಿಯನ್ನು ತಗ್ಗಿಸಿಟ್ಟು ಜೋರಾಗಿ ಎಳೆದರೆ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. ಚಪ್ಪಟೆ ಬೋರ್ಡಿನಲ್ಲಿ ಆ ಕಾಟವಿಲ್ಲ.

ಕರ್ನಾಟಕ ಸಂಗೀತದ ಗಮಕಗಳನ್ನು ಗಿಟಾರಿನಲ್ಲಿ ತರಲು ಹೊರಟವರಿಗೆ ಇದು ಬಹಳ ಮುಖ್ಯ. ವೀಣೆಯಲ್ಲೂ ಮೆಟ್ಟಿಲು 24, ಆರ್‌ಜಿ ಗಿಟಾರಿನಲ್ಲೂ ಫ್ರೆಟ್ 24. ವೀಣೆಯ ಮೆಟ್ಟಿಲು ಮೇಣದ ಮೇಲೆ ಎತ್ತರಕ್ಕೆ ಕೂತಿರುವುದರಿಂದ ತಂತಿಯನ್ನು ಎಷ್ಟು ಬೇಕಾದರೂ ಎಳೆಯಬಹುದು. ವೀಣೆ ಕಲಿತಿದ್ದ ಜಾನ್ ಮೆಕ್‌ಲಾಫ್ಲಿನ್ ‘ಶಕ್ತಿ’ ತಂಡದಲ್ಲಿ ನುಡಿಸಲು ಫ್ರೆಟ್‌ಗಳ ನಡುವಿನ ಮರವನ್ನು ತಗ್ಗು ತೋಡಿದ ಗಿಟಾರ್ ಮಾಡಿಸಿಕೊಂಡರು. ಇಂಥದ್ದಕ್ಕೆ ಸ್ಕ್ಯಾಲಪ್ ಎನ್ನುತ್ತಾರೆ, ಇಂಗ್ವೇ ಮಾಲ್ಮ್‌ಸ್ಟೀನ್ ಅವರ ಸ್ಟ್ರಾಟೊಕಾಸ್ಟರ್ ಕೂಡ ಹೀಗೆಯೇ. ಬೆರಳು ಹಗುರವಾಗಿ ಬೀಳುವವರಿಗೆ ಮಾತ್ರ ಅದು. ಒತ್ತಿ ಹಿಡಿಯುವ ಅಭ್ಯಾಸದವರು ನುಡಿಸಿದರೆ ಪ್ರತಿ ಸ್ವರವೂ ಶ್ರುತಿಗಿಂತ ಮೇಲೇರುತ್ತದೆ. ಮೊದಲ ಗಿಟಾರಿಗೆ 300 ಮಿಲಿಮೀಟರಿನಿಂದ ಮೇಲೆ ಯಾವುದಾದರೂ ಸಾಕು. ತಲೆಯ ಕಡೆ ತಂತಿಗಳು ಕೂರುವ ನಟ್ ಬಳಿ ಉಬ್ಬು, ಮೇಲೆ ಹೋದಂತೆ ಚಪ್ಪಟೆಯಾಗುವ ಬೋರ್ಡನ್ನು ಜಾಕ್ಸನ್ ತನ್ನ ಅಗ್ಗದ ಜೆಎಸ್ ಸರಣಿಯಲ್ಲೂ ಕೊಡುತ್ತದೆ. ಕಾರ್ಡ್‌ಗೂ ಸೋಲೋಗೂ ಅದು ಒಳ್ಳೆಯದು.

5. ಹಿಂಬದಿಯ ಬಣ್ಣ ಕೈಗೆ ಅಂಟುತ್ತದೆಯೇ?

ಹೊಳೆಯುವ ದಪ್ಪ ಲ್ಯಾಕರ್ ಬಳಿದ ನೆಕ್ ಬೆವರಿದ ಅಂಗೈಗೆ ಅಂಟುತ್ತದೆ, ಮೇಲೆ ಕೆಳಗೆ ಜಾರುವಾಗ ತಡೆಯುತ್ತದೆ. ಮಂಗಳೂರು, ಕಾರವಾರದ ಸೆಖೆಯಲ್ಲಿ ಇದು ಸಣ್ಣ ವಿಷಯವಲ್ಲ. ಎಡ್ಡಿ ವ್ಯಾನ್ ಹೇಲನ್ ಲ್ಯಾಕರ್ ಬಳಿದ ನೆಕ್ಕನ್ನು ಇಷ್ಟಪಡುತ್ತಿರಲಿಲ್ಲ. ಸ್ಯಾಟಿನ್ ಇಲ್ಲವೇ ಎಣ್ಣೆ ಉಜ್ಜಿದ ನೆಕ್ ಹುಡುಕಿ. ನನ್ನನ್ನು ಕೇಳಿದರೆ, ಒಂದು ಮಿಲಿಮೀಟರ್ ತೆಳುವಿಗಿಂತ ಜಾರುವ ನೆಕ್ಕೇ ವೇಗಕ್ಕೆ ಹೆಚ್ಚು ಕೊಡುತ್ತದೆ.

6. ಉದ್ದ ಮತ್ತು ಮೇಲಿನ ಫ್ರೆಟ್

ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದಕ್ಕೆ ಸ್ಕೇಲ್ ಎನ್ನುತ್ತಾರೆ. ಫೆಂಡರ್, ಇಬಾನೆಜ್ ಬಹುತೇಕ 648 ಮಿಲಿಮೀಟರ್ ಸ್ಕೇಲ್, ಗಿಬ್ಸನ್ 628ರ ಹತ್ತಿರ. ಬೆರಳು ಚಿಕ್ಕವಾದರೆ ಗಿಡ್ಡ ಸ್ಕೇಲಿನ ದುಂಡು ನೆಕ್ ಉದ್ದ ಸ್ಕೇಲಿನ ತೆಳು ನೆಕ್ಕಿಗಿಂತ ಸುಲಭವಾದೀತು. ಎರಡನ್ನೂ ಹಿಡಿದು ನೋಡಿ. ನೆಕ್ ದೇಹಕ್ಕೆ ಸೇರುವ ಜಾಗ ದಪ್ಪಗಿದ್ದರೆ ಇಪ್ಪತ್ತರ ಮೇಲಿನ ಫ್ರೆಟ್‌ಗಳಿಗೆ ಕೈ ತಲುಪದು. ನಿಂತು, ಪಟ್ಟಿ ಹಾಕಿಕೊಂಡು ಪರೀಕ್ಷಿಸಿ.

7. ಕೊಳ್ಳುವ ಮುನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದದ್ದು

ಗಿಟಾರನ್ನು ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಎಡಗೈಯಿಂದ ಆರನೇ ತಂತಿಯನ್ನು ಒಂದನೇ ಫ್ರೆಟ್‌ನಲ್ಲಿ ಒತ್ತಿ. ಬಲಗೈಯಿಂದ ಅದೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ಆ ತಂತಿಯೇ ನಿಮ್ಮ ಅಳತೆಪಟ್ಟಿ. ಏಳು, ಎಂಟನೇ ಫ್ರೆಟ್ ಬಳಿ ತಂತಿಗೂ ಫ್ರೆಟ್‌ಗೂ ನಡುವೆ ಕೂದಲೆಳೆ ಬೆಳಕು ಕಾಣಬೇಕು, ಸುಮಾರು 0.2 ಮಿಲಿಮೀಟರ್. ವಿಸಿಟಿಂಗ್ ಕಾರ್ಡ್ ಸಡಿಲವಾಗಿ ನುಸುಳುವಷ್ಟು ಇದ್ದರೆ ನೆಕ್ ಹೆಚ್ಚು ಬಾಗಿದೆ. ಬೆಳಕೇ ಇಲ್ಲದಿದ್ದರೆ ತೀರ ನೇರವಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಇವನ್ನು ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸಿ ಸರಿಪಡಿಸಬಹುದು, ಅಂಗಡಿಯವರಿಗೇ ಹೇಳಿ ಮಾಡಿಸಿ. ನೆಕ್ ತಿರುಚಿಕೊಂಡಿದ್ದರೆ ಮಾತ್ರ ವಾಪಸ್ ಇಟ್ಟುಬಿಡಿ.

ಆಮೇಲೆ ನೆಕ್ಕಿನ ಅಂಚಿನ ಮೇಲೆ ಬೆರಳು ಎಳೆಯಿರಿ. ಫ್ರೆಟ್‌ಗಳ ತುದಿ ಚುಚ್ಚಿದರೆ ಮರ ಒಣಗಿ ಕುಗ್ಗಿದೆ, ಇಲ್ಲವೇ ಕೆಲಸ ಒರಟು. ಕೊನೆಗೆ ಒಂದೊಂದು ತಂತಿಯಲ್ಲೂ ಒಂದೊಂದು ಫ್ರೆಟ್ ನುಡಿಸಿ, ಆ್ಯಂಪ್ ಹಚ್ಚದೆ. ಯಾವುದೋ ಒಂದು ಫ್ರೆಟ್‌ನಲ್ಲಿ ಮಾತ್ರ ಜುಂಯ್‌ಗುಟ್ಟಿದರೆ ಅದರ ಮುಂದಿನದು ಎತ್ತರವಿದೆ. ಈ ಪರೀಕ್ಷೆಗೆ ಹತ್ತು ನಿಮಿಷವಾದರೂ ಬೇಕು. ನಾಚಿಕೆ ಬೇಡ, ದುಡ್ಡು ನಿಮ್ಮದು. ಫ್ರೆಟ್‌ಗಳು ಸಮವಾಗಿದ್ದರೆ ಮಾತ್ರ ತಂತಿಯನ್ನು ತಗ್ಗಿಸಲು ಸಾಧ್ಯ, ತಂತಿ ತಗ್ಗಿದರೆ ಮಾತ್ರ ಬೆರಳು ಓಡುತ್ತದೆ. ತೆಳು ನೆಕ್ಕಿನ ಲಾಭವೆಲ್ಲ ಈ ಸರಪಳಿಯ ಕೊನೆಗೆ ಬರುವುದು.

8. ತೇಲುವ ಬ್ರಿಡ್ಜ್ ಮೊದಲ ಗಿಟಾರಿಗೆ ಬೇಡ

ಫ್ಲಾಯ್ಡ್ ರೋಸ್ ಮಾದರಿಯ ಬ್ರಿಡ್ಜ್ ನೋಡಲು ಆಕರ್ಷಕ. ಆದರೆ ಒಂದು ತಂತಿ ತುಂಡಾದರೆ ಉಳಿದೈದೂ ಶ್ರುತಿ ತಪ್ಪುತ್ತವೆ, ತಂತಿ ಬದಲಿಸುವುದೇ ಒಂದು ಸಂಜೆಯ ಕೆಲಸವಾಗುತ್ತದೆ. ಗಟ್ಟಿಯಾಗಿ ಕೂತ ಬ್ರಿಡ್ಜ್ ಇರುವುದನ್ನೇ ಆರಿಸಿ, ಉಳಿದ ಸಮಯ ನುಡಿಸಿ.

9. ಹವೆ ನೆನಪಿರಲಿ

ತೆಳು ನೆಕ್ಕಿನಲ್ಲಿ ಮರ ಕಡಿಮೆ, ಹಾಗಾಗಿ ಹವೆಗೆ ಬೇಗ ಓಗೊಡುತ್ತದೆ. ಅದಕ್ಕೆಂದೇ ಒಳ್ಳೆಯ ತೆಳು ನೆಕ್‌ಗಳನ್ನು ಮೇಪಲ್ ಮತ್ತು ವಾಲ್‌ನಟ್ ಪಟ್ಟಿಗಳನ್ನು ಅಂಟಿಸಿ ಮಾಡುತ್ತಾರೆ, ದುಬಾರಿಯವಕ್ಕೆ ಒಳಗೆ ಟೈಟೇನಿಯಂ ಸರಳೂ ಇರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮರ ತೇವ ಹೀರುತ್ತದೆ. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಒಣಗುತ್ತದೆ. ಎರಡೂ ಕಾಲಕ್ಕೆ ನೆಕ್ ಕದಲುತ್ತದೆ, ಇದು ದೋಷವಲ್ಲ. ಗಟ್ಟಿ ಕೇಸಿನಲ್ಲಿಡಿ, ಕಾರಿನ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ, ಋತು ಬದಲಾದಾಗ ಏಳನೇ ಸೂತ್ರದ ಪರೀಕ್ಷೆ ಮತ್ತೆ ಮಾಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟ್ರಸ್ ರಾಡ್ ಇನ್ನೂ ತಿರುಗುತ್ತದೆಯೇ ಎಂದು ಮಾರುವವರ ಎದುರಿಗೇ ತಿರುಗಿಸಿ ನೋಡಬೇಕು. ತುದಿ ಮುಟ್ಟಿ ನಿಂತಿದ್ದರೆ ಆ ನೆಕ್ಕಿಗೆ ಮುಂದೆ ದಾರಿಯಿಲ್ಲ.

10. ಸೆಟಪ್‌ಗೆ ದುಡ್ಡು ಎತ್ತಿಡಿ

ಕೈಯಲ್ಲಿರುವ ಎಲ್ಲ ಹಣವನ್ನೂ ಗಿಟಾರಿಗೇ ಸುರಿಯಬೇಡಿ. ಕಾರ್ಖಾನೆಯಿಂದ ಬಂದ ಗಿಟಾರ್ ಹಡಗು, ಗೋದಾಮು, ಅಂಗಡಿ ದಾಟಿ ಬರುವಷ್ಟರಲ್ಲಿ ಹೊಂದಾಣಿಕೆ ಕಳೆದುಕೊಂಡಿರುತ್ತದೆ. ತಿಳಿದ ಕೆಲಸಗಾರರ ಬಳಿ ಸೆಟಪ್ ಮಾಡಿಸಿ. ಹನ್ನೆರಡನೇ ಫ್ರೆಟ್‌ನಲ್ಲಿ ಒಂದನೇ ತಂತಿ ಒಂದೂವರೆ ಮಿಲಿಮೀಟರ್, ಆರನೇ ತಂತಿ ಎರಡು ಮಿಲಿಮೀಟರ್ ಎತ್ತರಕ್ಕೆ ಬಂದರೆ ಹೆಚ್ಚಿನವರ ವೇಗಕ್ಕೆ ಅದು ಸಾಕು. ತೆಳು ತಂತಿಯ 9–42 ಸೆಟ್ ಹಾಕಿಸಿ. ಬಲಗೈಗೆ ಬಾಗದ, ಚಿಕ್ಕ, ಮೊನಚಾದ ಪಿಕ್ ಕೊಳ್ಳಿ. ಎಡಗೈ ಓಡಿ ಬಲಗೈ ಹಿಂದುಳಿದರೆ ಕೇಳಿಸುವುದು ಗೊಂದಲವೇ. ಹೀಗೆ ಸೆಟಪ್ ಮಾಡಿಸಿದ ಸಾಧಾರಣ ಬೆಲೆಯ ಆರ್‌ಜಿ, ಮಾಡಿಸದ ದುಬಾರಿ ಗಿಟಾರಿಗಿಂತ ಚೆನ್ನಾಗಿ ಓಡುತ್ತದೆ. ಮನೆಯಲ್ಲಿ ಈಗಾಗಲೇ ಒಂದು ಎಲೆಕ್ಟ್ರಿಕ್ ಗಿಟಾರ್ ಇದ್ದರೆ ಮೊದಲು ಅದಕ್ಕೇ ಸೆಟಪ್ ಮಾಡಿಸಿ, ಒಂದು ತಿಂಗಳು ಮೆಟ್ರೊನೋಮ್ ಹಚ್ಚಿ ನುಡಿಸಿ. ಆಗಲೂ ಕೈ ತಡೆದರೆ ತೆಳು ನೆಕ್ ಹುಡುಕಿಕೊಂಡು ಅಂಗಡಿಗೆ ಹೋಗಿ.