ಕೆಲಸ ಇಲ್ಲೇ ಹಿಡಿ, ಆಮೇಲೆ ವಿಮಾನ ಹತ್ತು

ತಮ್ಮಾ, ಪಾಸ್‌ಪೋರ್ಟ್ ಬಂತು ಅಂತ ಕೇಳಿ ಸಂತೋಷ ಆಯಿತು. ಆದರೆ ವಿಸಿಟ್ ವೀಸಾದ ಮೇಲೆ ದುಬೈಗೆ ಹೋಗಿ, ಅಲ್ಲೇ ಅಡ್ಡಾಡಿ ಕೆಲಸ ಹುಡುಕುತ್ತೇನೆ ಅಂದೆಯಂತೆ. ಆ ಮಾತು ನನಗೆ ಸರಿಬರಲಿಲ್ಲ. ಪರದೇಶದ ಕೆಲಸವನ್ನು ನಮ್ಮ ಕೊಣ್ಣೂರಿನಲ್ಲಿ ಕೂತೇ ಹುಡುಕಬೇಕು. ದುಬೈಯಲ್ಲಿ ಇಳಿದ ದಿನದಿಂದ ಖೋಲಿ ಬಾಡಿಗೆ, ಊಟದ ಖರ್ಚು ಶುರುವಾಗುತ್ತದೆ. ವೀಸಾ ಮುಗಿಯುತ್ತ ಬಂದಾಗ, ಮೊದಲ ವಾರ ಬೇಡ ಅಂದಿದ್ದ ಪಗಾರಕ್ಕೇ ಹೂಂ ಅನ್ನುತ್ತೀ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿನ ಕಾನೂನಿನಲ್ಲಿ ತಪ್ಪು. ಹಾಗೆ ದುಡಿಸಿಕೊಂಡವನು ಪಗಾರ ಕೊಡದಿದ್ದರೆ, ನೀನು ದೂರು ಕೊಡಲಿಕ್ಕೂ ಅಂಜುತ್ತೀ.

ನಮ್ಮ ಊರಿಗೆ ಈ ಹುಡುಕಾಟದ ರೂಢಿಯೇ ಕಡಿಮೆ. ಕೆಲಸವೇ ನಮ್ಮ ಬಾಗಿಲಿಗೆ ಬಂದಿತ್ತಲ್ಲ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಮಿಲ್ಲು ಗೋಕಾಕ ಫಾಲ್ಸಿನ ನೀರಿನ ಬಲದ ಮೇಲೆ ತಿರುಗಿತು. ಭೋಂಗಾ ಕೂಗಿದರೆ ಇಲ್ಲಿಯ ಮನೆಗಳಿಂದ ಮಂದಿ ಪಾಳಿಗೆ ಹೊರಡುತ್ತಿದ್ದರು. ಅರ್ಜಿ ಬರೆಯುವುದು, ಕರಾರು ಓದುವುದು ಯಾರಿಗೆ ಬೇಕಿತ್ತು? ಅದಕ್ಕೇ ಈಗಲೂ ಯಾರಾದರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ‘ಪಕ್ಕಾ ಕೆಲಸ’ ಅಂದರೆ ಸಾಕು, ಬಂಗಾರ ಒತ್ತೆ ಇಡಲಿಕ್ಕೆ ಸೊಸೈಟಿಗೆ ಓಡುತ್ತೇವೆ.

ಮೊದಲು ನಿನ್ನ ಕೈಯಲ್ಲಿ ಏನಿದೆ ನೋಡಿಕೋ. ‘ಏನಾದರೂ ಕೆಲಸ ಸಿಕ್ಕರೆ ಸಾಕು’ ಅಂತ ಹೊರಟವನಿಗೆ ಸಿಗುವುದು ಎಲ್ಲಕ್ಕಿಂತ ಕೆಳಗಿನ ಕೆಲಸವೇ. ನೀನು ಐಟಿಐ ಫಿಟ್ಟರ್, ಸಕ್ಕರೆ ಕಾರ್ಖಾನೆಯ ಸೀಜನ್ ಮಾಡಿದವನು. ಗೋಕಾಕದ ಘಟಪ್ರಭಾ ಕಾರ್ಖಾನೆ, ಸಂಕೇಶ್ವರದ ಹಿರಣ್ಯಕೇಶಿ, ಮುಧೋಳದ ಕಡೆಯ ಕಾರ್ಖಾನೆಗಳು, ಇಷ್ಟು ಮಿಲ್ಲುಗಳ ನಡುವೆ ಬೆಳೆದ ಹುಡುಗರಿಗೆ ಕಬ್ಬು ನುರಿಸುವ ಯಂತ್ರ, ಬಾಯ್ಲರ್, ಟರ್ಬೈನ್ ಹೊಸವಲ್ಲ. ಈ ಅನುಭವ ಗಲ್ಫಿಗಿಂತ ಆಫ್ರಿಕಾದಲ್ಲಿ ಹೆಚ್ಚು ಬೆಲೆ ಬಾಳುತ್ತದೆ. ಉಗಾಂಡಾ, ಕೆನ್ಯಾ, ಟಾಂಜಾನಿಯಾದಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆಗಳಿವೆ. ಉಗಾಂಡಾದ ಕಾಕಿರಾ ಕಾರ್ಖಾನೆಯನ್ನು ಕಟ್ಟಿದ್ದೇ ಗುಜರಾತಿ ಮೂಲದ ಮುಳಜಿಭಾಯಿ ಮಾಧ್ವಾನಿ. ಪ್ಯಾನ್‌ಮನ್, ಬಾಯ್ಲರ್ ಅಟೆಂಡೆಂಟ್, ಮಿಲ್ ಫಿಟ್ಟರ್ ಕೆಲಸಕ್ಕೆ ಅಲ್ಲಿಗೆ ಭಾರತದಿಂದ ಜನ ಹೋಗುತ್ತಲೇ ಇದ್ದಾರೆ. ನಮ್ಮ ಹುಡುಗರ ಬಾಯಲ್ಲಿ ಮಾತ್ರ ದುಬೈ, ಸೌದಿ ಬಿಟ್ಟು ಬೇರೆ ಹೆಸರು ಬರುವುದಿಲ್ಲ. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಒಂದು ಕೋರ್ಸು ಮುಗಿಸಿ ಅದರ ಕಾಗದ ಹಿಡಿದರೆ ‘ಹೆಲ್ಪರ್’ ಅನ್ನುವ ಹೆಸರು ಕಳಚುತ್ತದೆ. ಗಲ್ಫಿಗೇ ಹೋಗುತ್ತೇನೆ ಅಂದರೂ, ಸೀಜನ್ ಮುಗಿದ ಮೇಲೆ ಓವರ್‌ಹಾಲ್‌ನಲ್ಲಿ ದುಡಿದ ಅನುಭವ ಅಲ್ಲಿಯ ರಿಫೈನರಿಗಳ ಶಟ್‌ಡೌನ್ ಕೆಲಸಕ್ಕೆ ಹೊಂದುತ್ತದೆ. ಕಾರ್ಖಾನೆಯಿಂದ ಅನುಭವದ ಪತ್ರವನ್ನು ಲೆಟರ್‌ಹೆಡ್ ಮೇಲೆ, ಯಾವ ಯಂತ್ರ, ಎಷ್ಟು ದಿನ ಅಂತ ಬರೆಸಿ, ಸಹಿ ಶಿಕ್ಕೆ ಹಾಕಿಸಿ ತಾ. ಗುತ್ತಿಗೆದಾರನ ಕೆಳಗೆ ದುಡಿದವರು ಇದನ್ನೇ ಬಿಡುತ್ತಾರೆ. ಸೌದಿಗೆ ವೆಲ್ಡರ್, ಪ್ಲಂಬರ್, ಎಲೆಕ್ಟ್ರಿಶಿಯನ್ ಮುಂತಾದ ಕೆಲಸಗಳಿಗೆ ಹೋಗುವವರು ಭಾರತದಲ್ಲೇ ಕೌಶಲ ಪರೀಕ್ಷೆ ಪಾಸಾಗಬೇಕು. ಬಾಯಿಮಾತಿನ ಅನುಭವ ಅಲ್ಲಿ ನಡೆಯುವುದಿಲ್ಲ.

ಇನ್ನು ಹೆಸರಿನ ವಿಷಯ. ಸಣ್ಣದು ಅನ್ನಿಸುತ್ತದೆ, ನಮ್ಮ ಕಡೆ ಹುಡುಗರು ಎಡವುವುದು ಇಲ್ಲೇ. ಶಾಲೆಯ ದಾಖಲೆಯಲ್ಲಿ ಬಸಪ್ಪ, ಆಧಾರದಲ್ಲಿ ಬಸವರಾಜ. ಅಡ್ಡಹೆಸರು ಒಂದರಲ್ಲಿ ಕೊಣ್ಣೂರ, ಇನ್ನೊಂದರಲ್ಲಿ ಮನೆತನದ ಹೆಸರು, ಐಟಿಐ ಸರ್ಟಿಫಿಕೇಟಿನಲ್ಲಿ ಅದೂ ಇಲ್ಲ, ಅಪ್ಪನ ಹೆಸರಿನ ಮೊದಲ ಅಕ್ಷರ ಅಷ್ಟೇ. ಮನೆಯಲ್ಲಿ ಇದು ನಗೆಯ ವಿಷಯ. ಪರದೇಶದ ವೀಸಾ ಕಚೇರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ವಿಸಿಟ್ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರಿನಲ್ಲೇ ಹೇಳಿದೆ. ಬೆಳಗಾವಿಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಇದೆ, ತಿದ್ದುಪಡಿ ಇದ್ದರೆ ಈಗಲೇ ಮಾಡಿಸು. ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಬೇಕು) ಅಂತ ಬಂದಿದೆಯೇ ನೋಡು. ಹತ್ತನೇ ತರಗತಿ ಪಾಸಾದವನಿಗೆ ಅದು ಬೀಳಬಾರದು. ಅರ್ಜಿಯ ಜೊತೆ ಅಂಕಪಟ್ಟಿ ಇಟ್ಟಿರದಿದ್ದರೆ ಬಿದ್ದಿರುತ್ತದೆ.

ಇಸಿಆರ್ ಇದ್ದವರು ಸೌದಿ, ಕುವೈತ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಇಸಿಆರ್ ಇಲ್ಲದಿದ್ದರೆ ನಿನಗೆ ಅದು ಬೇಡ. ಬೇಡ ಅಂತ ಹಿಗ್ಗಬೇಡ, ಆ ಅನುಮತಿ ಕೊಡುವಾಗ ಕರಾರು, ವಿಮೆ ಎರಡನ್ನೂ ಸರ್ಕಾರ ನೋಡುತ್ತದೆ. ನಿನ್ನದನ್ನು ನೀನೇ ನೋಡಿಕೊಳ್ಳಬೇಕು. 1983ರ ವಲಸೆ ಕಾಯ್ದೆ ಪ್ರಕಾರ ಪರದೇಶಕ್ಕೆ ಆಳು ಕಳಿಸುವ ಏಜೆಂಟನಿಗೆ ಲೈಸನ್ಸ್ ಇರಲೇಬೇಕು. ಅವನ ಹೆಸರು ಇ-ಮೈಗ್ರೇಟ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಸಿಗಬೇಕು. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ಮಂದಿ ನಾವು, ಲೈಸನ್ಸ್ ನಂಬರ್ ಕೇಳಲಿಕ್ಕೆ ನಾಚುತ್ತೇವೆ! ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷ, ಒಂದೂವರೆ ಲಕ್ಷ ಕೇಳಿದರೆ ಎದ್ದು ಬಾ. ಕೊಡುವ ರೊಕ್ಕವನ್ನೂ ಬ್ಯಾಂಕಿನಿಂದ ಕೊಡು, ರಸೀದಿ ತೆಗೆದುಕೋ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಕೆಳಗೂ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸು. ನಿನ್ನ ತಂಗಿ ನರ್ಸಿಂಗ್ ಓದುತ್ತಿದ್ದಾಳಲ್ಲ, ಅವಳಿಗೂ ಹೇಳಿಬಿಡು: ಆ 18 ದೇಶಗಳಿಗೆ ನರ್ಸುಗಳು ಸರ್ಕಾರ ಒಪ್ಪಿದ ಸಂಸ್ಥೆಗಳ ಮೂಲಕವೇ ಹೋಗಬೇಕೆಂದು 2015ರಲ್ಲಿ ನಿಯಮ ಬಂದಿದೆ.

ಮೊಬೈಲಿನ ವಿಡಿಯೋ ನೋಡಿ ಹೊರಡುವುದಂತೂ ಬೇಡವೇ ಬೇಡ. ಸೆಕ್ಯುರಿಟಿ ಕೆಲಸ ಅಂತ ಹೋದ ಕಲಬುರಗಿ ಕಡೆಯ ಹುಡುಗರು ರಷ್ಯಾದ ಯುದ್ಧದಲ್ಲಿ ಸಿಕ್ಕಿಬಿದ್ದ ಸುದ್ದಿ 2024ರಲ್ಲಿ ನೀನೂ ಓದಿರುತ್ತೀ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲಿ ಕೂಡಿಹಾಕಿ ಆನ್‌ಲೈನ್ ಮೋಸ ಮಾಡಿಸಿದ್ದೂ ಆಗಿದೆ. ಹೇಳಿದ ದೇಶ ಬೇರೆ, ವೀಸಾದ ದೇಶ ಬೇರೆ ಆಗಿದ್ದರೆ ಅಲ್ಲಿಗೇ ಮಾತು ಮುಗಿಸು.

ಕರಾರು ಬಂದಾಗ ಪಗಾರದ ಅಂಕಿ ಒಂದನ್ನೇ ನೋಡಬೇಡ. ಮೂಲ ಪಗಾರ ಎಷ್ಟು, ಓವರ್‌ಟೈಮ್ ಸೇರಿಸಿ ಹೇಳಿದ್ದೆಷ್ಟು? ಊಟ ಕಂಪನಿಯದೋ ನಿನ್ನದೋ? ವಾಪಸ್ ಟಿಕೀಟು ಯಾರದು? ಎಲ್ಲಕ್ಕಿಂತ, ಮಲಗುವುದು ಎಲ್ಲಿ, ಒಂದು ಖೋಲಿಗೆ ಎಷ್ಟು ಜನ? ಇದನ್ನು ಯಾರೂ ಕೇಳುವುದಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ಕೆಲಸದ ಜಾಗದಲ್ಲಿ ಅಲ್ಲ, ಬೆಳಗಿನ ಜಾವ ಮಲಗಿದ್ದಲ್ಲಿ. ಅಲ್ಲಿ ಮೊದಲೇ ಇರುವ ನಮ್ಮ ಕಡೆಯವನೊಬ್ಬನನ್ನು ಹುಡುಕಿ, ವಿಡಿಯೋ ಕಾಲ್ ಮಾಡಿ ಖೋಲಿ ತೋರಿಸು ಅನ್ನು. ತೋರಿಸಲಿಕ್ಕೆ ಹಿಂದೆಮುಂದೆ ನೋಡಿದರೆ ನಿನಗೆ ಉತ್ತರ ಸಿಕ್ಕಂತೆ.

ಇಷ್ಟಾಗಲಿಕ್ಕೆ ಆರು ತಿಂಗಳು ಬೇಕಾದೀತು, ಅಷ್ಟರಲ್ಲಿ ಇನ್ನೊಂದು ಸೀಜನ್ ಇಲ್ಲೇ ದುಡಿ. ಹೊರಡುವ ದಿನ ಪಾಸ್‌ಪೋರ್ಟ್, ವೀಸಾ, ಕರಾರು, ಏಜೆಂಟನ ರಸೀದಿ, ಕಂಪನಿಯ ವಿಳಾಸ, ಎಲ್ಲದರ ಜೆರಾಕ್ಸ್ ಒಂದು ಚೀಲದಲ್ಲಿ ಹಾಕಿ ಅವ್ವನ ಕೈಗೆ ಕೊಟ್ಟು ಹೋಗು. ನನಗೂ ಒಂದು ಪ್ರತಿ ಕೊಡು.