ಮೀನಿನ ಮೈಗಾವಲು

ನೀರು ಮೀನಿಗೆ ಮನೆಯೂ ಹೌದು, ಅದರ ಶತ್ರುಗಳಿಗೆ ಹಾದಿಯೂ ಹೌದು. ನಮ್ಮನ್ನು ಒಣ ಚರ್ಮವು ಕಾಯುವುದು; ಮೀನಿನ ಕಿವಿರುಗಳ ತೆಳುವಾದ ಪೊರೆಯನ್ನಾದರೋ ರೋಗಾಣುಗಳಿರುವ ನೀರು ಕ್ಷಣಕ್ಷಣವೂ ತೊಳೆಯುತ್ತಿರುವುದು. ಹೀಗಿದ್ದೂ ಅದು ಬದುಕುವುದೆಂತು?

ರೋಗಾಣುವಿಗೆ ಅಂಟಿಕೊಂಡು ಅದನ್ನು ಹಿಡಿದುಕೊಡುವ ಪ್ರೋಟೀನುಗಳಿಗೆ ಪ್ರತಿಕಾಯಗಳೆಂದು ಹೆಸರು. ಬಿ ಕಣಗಳೆಂಬ ಬಿಳಿಯ ರಕ್ತಕಣಗಳು ಇವನ್ನು ತಯಾರಿಸುವುವು. ಒಂದು ಕಣವು ಸಾಮಾನ್ಯವಾಗಿ ಒಂದೇ ಆಕಾರದ ಪ್ರತಿಕಾಯವನ್ನು ಮಾಡಬಲ್ಲುದು. ಆದುದರಿಂದ ಬಗೆಬಗೆಯ ಶತ್ರುಗಳಿಗೆ ಬಗೆಬಗೆಯ ಕಣಗಳು ಬೇಕು. ನಮ್ಮಲ್ಲಿ ಇವು ಎಲುಬಿನ ಮಜ್ಜೆಯಲ್ಲಿ ಹುಟ್ಟುವುವು. ಎಲುಬುಳ್ಳ ಮೀನುಗಳಲ್ಲಿ ಮೂತ್ರಪಿಂಡದ ಮುಂಭಾಗವೇ ಆ ಕೆಲಸವನ್ನು ವಹಿಸಿಕೊಂಡಿದೆ.

ಗಂಗಾ ಬ್ರಹ್ಮಪುತ್ರಾ ಬಯಲಿನ ಹಳ್ಳಗಳಲ್ಲಿಯೂ ಗದ್ದೆಗಳಲ್ಲಿಯೂ ವಾಸಿಸುವ ಪಟ್ಟೆಪಟ್ಟೆಯ ಜೀಬ್ರಾ ಮೀನನ್ನು ತೆಗೆದುಕೊಳ್ಳೋಣ. ಬೆರಳಿನ ಉದ್ದವೂ ಇಲ್ಲದ ಈ ಮೀನಿನಲ್ಲಿರುವ ಬಿ ಕಣಗಳು ಸುಮಾರು 3 ಲಕ್ಷ. ಮನುಷ್ಯನಲ್ಲಿ ಸಾವಿರಾರು ಕೋಟಿ. ಇಷ್ಟು ಸಣ್ಣ ಸೇನೆಯಿಂದ ವೈವಿಧ್ಯ ಹೇಗೆ ಸಾಧ್ಯ? ಪ್ರತಿಕಾಯದ ಭಾರದ ಸರಪಣಿಯ ತುದಿಯನ್ನು ರೂಪಿಸುವ ವಂಶವಾಹಿಯು ಇಡಿಯಾಗಿ ಬಂದುದಲ್ಲ. ವಿ, ಡಿ, ಜೆ ಎಂಬ ತುಣುಕುಗಳಾಗಿ ಬಂದುದು. ಈ ಮೀನಿನ ಎಂ ವರ್ಗದ ಪ್ರತಿಕಾಯಕ್ಕೆ ವಿ ತುಣುಕುಗಳು 39, ಡಿ 5, ಜೆ 5. ಒಂದೊಂದನ್ನು ಆರಿಸಿ ಜೋಡಿಸಿದರೆ 975 ಬಗೆ. ಜೋಡಿಸುವಾಗ ಅಂಚುಗಳು ಸವೆಯುವುವು, ಹೊಸ ಅಕ್ಷರಗಳು ಸೇರುವುವು. ನಿಜವಾದ ಹೇರಳ ವೈವಿಧ್ಯ ಈ ಒರಟು ಬೆಸುಗೆಯಲ್ಲಿಯೇ ಇದೆ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು 14 ಜೀಬ್ರಾ ಮೀನುಗಳ ಈ ಬರಹವನ್ನು ಓದಿ ನೋಡಿದರು. ಒಂದೊಂದು ಮೀನೂ ಸಾಧ್ಯವಿದ್ದ ಜೋಡಣೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟನ್ನು ಬಳಸಿಕೊಂಡಿದ್ದಿತು!

ಪ್ರತಿಕಾಯಗಳಲ್ಲಿ ವರ್ಗಗಳೂ ಉಂಟು. ಎಂ ವರ್ಗ ಮುಖ್ಯವಾಗಿ ರಕ್ತದಲ್ಲಿರುವುದು. ಡಿ ವರ್ಗವೂ ಇದೆ. 2005ರಲ್ಲಿ ಮೂರನೆಯದೊಂದು ಪತ್ತೆಯಾಯಿತು. ಟ್ರೌಟ್ ಮೀನಿನಲ್ಲಿ ಕಂಡವರು ಅದನ್ನು ‘ಟಿ’ ಎಂದೂ ಜೀಬ್ರಾ ಮೀನಿನಲ್ಲಿ ಕಂಡವರು ‘ಜೆಡ್’ ಎಂದೂ ಕರೆದರು. ಒಂದೇ ವಸ್ತುವಿಗೆ ಎರಡು ಹೆಸರು ಅಂಟಿಕೊಂಡು ವಿದ್ಯಾರ್ಥಿಗಳಿಗೆ ತೊಡಕಾಗಿರುವುದೇನೋ ನಿಜ. ಕರುಳಿಗೆ ಪರೋಪಜೀವಿ ಹೊಕ್ಕ ಟ್ರೌಟ್‌ಗಳನ್ನು 2010ರಲ್ಲಿ ಪರೀಕ್ಷಿಸಿದಾಗ, ಅದನ್ನು ಎದುರಿಸುವ ಟಿ ಪ್ರತಿಕಾಯಗಳು ಕರುಳಿನ ಲೋಳೆಯಲ್ಲಿಯೂ, ಎಂ ಪ್ರತಿಕಾಯಗಳು ರಕ್ತದಲ್ಲಿಯೂ ದೊರೆತುವು. ನಮ್ಮ ಬಿ ಕಣವು ಮುಂದೆ ವರ್ಗವನ್ನು ಬದಲಾಯಿಸಬಲ್ಲುದು. ಮೀನಿನದು ಎಂನಿಂದ ಟಿಗೆ ಹೊರಳಲಾರದು. ಆದರೆ ಅದಕ್ಕೆ ಇನ್ನೊಂದು ವಿದ್ಯೆ ಗೊತ್ತು. ರೋಗಾಣುವನ್ನು ತಾನೇ ನುಂಗಿ ಕೊಲ್ಲುವುದು!

ಎಲ್ಲ ಮೀನುಗಳ ಏರ್ಪಾಡೂ ಒಂದೇ ಅಲ್ಲ. ಅಟ್ಲಾಂಟಿಕ್ ಸಾಗರದ ಕಾಡ್ ಮೀನಿನ ವಂಶವಾಹಿಗಳನ್ನು 2011ರಲ್ಲಿ ಓದಿದಾಗ, ರೋಗಾಣುವಿನ ಚೂರನ್ನು ಹಿಡಿದು ತೋರಿಸಿ ಸಹಾಯಕ ಕಣಗಳನ್ನು ಎಚ್ಚರಿಸುವ ಅಣುಗಳ ವಂಶವಾಹಿಗಳೇ ಅದರಲ್ಲಿ ಇರಲಿಲ್ಲ. ಇಂಥ ಕೊರತೆಯಿದ್ದೂ ಆ ಮೀನು ತನ್ನ ತಣ್ಣನೆಯ ಕಡಲಿನಲ್ಲಿ ರೋಗಕ್ಕೆ ಅಷ್ಟು ಸುಲಭವಾಗಿ ಬಲಿಯಾಗುವುದಿಲ್ಲ.