ದೀಪದ ಮಸಿ, ಎರೆಮಣ್ಣು ಮತ್ತು ಒಂದು ಅಂಕದ ಪ್ರಶ್ನೆ



ಕೆಲವು ವರ್ಷಗಳ ಹಿಂದೆ ದ್ವಿತೀಯ ಪಿಯುಸಿಗೆ ಎಮಲ್ಷನ್ ಪಾಠ ಮಾಡುತ್ತಿದ್ದೆ. ಈಗ ಪಠ್ಯದಿಂದ ಕೈಬಿಟ್ಟಿರುವ ‘ಮೇಲ್ಮೈ ರಸಾಯನಶಾಸ್ತ್ರ’ ಅಧ್ಯಾಯದಲ್ಲಿ ಅದು ಬರುತ್ತಿತ್ತು. ಎಣ್ಣೆ ಮತ್ತು ನೀರನ್ನು ಕೂಡಿಸಿ ಕುಲುಕಿದರೆ ಒಂದು ಇನ್ನೊಂದರಲ್ಲಿ ಸಣ್ಣ ಹನಿಗಳಾಗಿ ಹರಡುತ್ತದೆ. ಸುಮ್ಮನೆ ಬಿಟ್ಟರೆ ಎರಡೂ ಬೇರೆಯಾಗುತ್ತವೆ. ಹಾಗೆ ಬೇರೆಯಾಗದಂತೆ ತಡೆಯುವ ಪದಾರ್ಥವೇ ಎಮಲ್ಷನ್‌ಕಾರಕ. ನೀರಿನಲ್ಲಿ ಎಣ್ಣೆಯ ಹನಿಗಳು ನಿಲ್ಲಲು ಪ್ರೋಟೀನ್, ಗೋಂದು, ಸಾಬೂನು. ಎಣ್ಣೆಯಲ್ಲಿ ನೀರಿನ ಹನಿಗಳು ನಿಲ್ಲಲು ಭಾರಲೋಹಗಳ ಸಾಬೂನು, ಉದ್ದ ಸರಪಳಿಯ ಆಲ್ಕೋಹಾಲ್, ಲ್ಯಾಂಪ್‌ಬ್ಲ್ಯಾಕ್ ಎಂದು ಪಟ್ಟಿ ಬರೆಸಿದೆ.

ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಸರ್, ಲ್ಯಾಂಪ್‌ಬ್ಲ್ಯಾಕ್ ಅಂದ್ರ ದೀಪದ ಮಸಿ ಅಲ್ರಿ? ಅದು ಸಾಬೂನಿನ ಕೆಲಸ ಹ್ಯಾಂಗ ಮಾಡ್ತೈತ್ರಿ?”

“ಒಂದು ಅಂಕದ ಪ್ರಶ್ನೆ ಅದು. ಪಟ್ಟಿ ಬರಕೋ ಸಾಕು” ಎಂದೆ. ಆಕೆ ಕುಳಿತಳು. ನಿಜ ಹೇಳಬೇಕೆಂದರೆ ಉತ್ತರ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಬಾಯಿ ಮುಚ್ಚಿಸಿದೆ. ಆಮೇಲೆ ಹುಡುಕಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಬೂನಿನ ಅಣುವಿಗೆ ನೀರನ್ನು ಬಯಸುವ ತಲೆ, ಎಣ್ಣೆಯನ್ನು ಬಯಸುವ ಬಾಲ ಇರುತ್ತವೆ. ಮಸಿಯ ಕಣಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಆದರೆ ಒಂದು ಘನ ಕಣ ನೀರಿನಿಂದಲೂ ಎಣ್ಣೆಯಿಂದಲೂ ಸ್ವಲ್ಪ ಸ್ವಲ್ಪ ತೋಯುವಂತಿದ್ದರೆ ಅದು ಎರಡೂ ಕೂಡುವ ಗಡಿಯಲ್ಲಿ ಹೋಗಿ ನಿಲ್ಲುತ್ತದೆ. ಇಂಥ ಸಾವಿರಾರು ಕಣಗಳು ಎಳ್ಳಿನಲ್ಲಿ ಹೊರಳಿಸಿದ ಉಂಡೆಯಂತೆ ಹನಿಯನ್ನು ಸುತ್ತಲೂ ಮುಚ್ಚುತ್ತವೆ. ಎರಡು ಹನಿಗಳು ತಾಗಿದರೂ ಈ ಕವಚ ಅವನ್ನು ಒಂದಾಗಲು ಬಿಡುವುದಿಲ್ಲ.

ಇದನ್ನು 1903ರಲ್ಲಿ ವಾಲ್ಟರ್ ರಾಮ್ಸ್‌ಡೆನ್ ಗಮನಿಸಿದರು. 1907ರಲ್ಲಿ ಸ್ಪೆನ್ಸರ್ ಪಿಕರಿಂಗ್ ವಿವರವಾಗಿ ಬರೆದರು. ಹೆಸರು ಉಳಿದದ್ದು ಎರಡನೆಯವರದು: ‘ಪಿಕರಿಂಗ್ ಎಮಲ್ಷನ್’. ಇಂಗ್ಲೆಂಡಿನ ವೋಬರ್ನ್ ಹಣ್ಣಿನ ತೋಟದಲ್ಲಿ ಪ್ರಯೋಗ ನಡೆಸುತ್ತಿದ್ದ ಪಿಕರಿಂಗ್ ಅವರಿಗೆ ಗಿಡಗಳಿಗೆ ಸಿಂಪಡಿಸಲು ಸೀಮೆಎಣ್ಣೆಯಂಥ ಎಣ್ಣೆಯನ್ನು ನೀರಿನಲ್ಲಿ ಹರಡಬೇಕಿತ್ತು. ತಾಮ್ರದ ಪ್ರತ್ಯಾಮ್ಲೀಯ ಸಲ್ಫೇಟಿನ ನುಣ್ಣನೆಯ ಕಣಗಳು ಆ ಕೆಲಸ ಮಾಡಿದವು. ಮೈಲುತುತ್ತ ಮತ್ತು ಸುಣ್ಣ ಕೂಡಿದಾಗ ಹುಟ್ಟುವ ಕಣಗಳೂ ಇದೇ ಜಾತಿಯವು. ಮಲೆನಾಡಿನವರು ಅಡಿಕೆಯ ಕೊಳೆರೋಗಕ್ಕೆ ಇಂದಿಗೂ ಹೊಡೆಯುವ ಬೋರ್ಡೋ ದ್ರಾವಣ ಅದೇ.

ಹನಿ ಯಾವುದರದು, ಹೊರಗೆ ಯಾವುದು ಎಂಬುದಕ್ಕೆ ಒಂದೇ ನಿಯಮ: ಕಣವನ್ನು ಹೆಚ್ಚು ತೋಯಿಸುವ ದ್ರವ ಹೊರಗೆ ಉಳಿಯುತ್ತದೆ. ನೀರಿನ ಮೂಲಕ ಅಳೆದ ಸ್ಪರ್ಶಕೋನ 90 ಡಿಗ್ರಿಗಿಂತ ಕಡಿಮೆಯಿದ್ದರೆ ನೀರಿನಲ್ಲಿ ಎಣ್ಣೆಯ ಹನಿಗಳು, ಹೆಚ್ಚಿದ್ದರೆ ಎಣ್ಣೆಯಲ್ಲಿ ನೀರಿನ ಹನಿಗಳು. ಮಸಿಗೆ ಎಣ್ಣೆಯ ಒಲವು ಹೆಚ್ಚು. ಅದಕ್ಕೇ ಅದು ಎರಡನೆಯ ಪಟ್ಟಿಯಲ್ಲಿತ್ತು.

ಕಣ ಎಷ್ಟು ಗಟ್ಟಿಯಾಗಿ ಕೂರುತ್ತದೆ? ಲೆಕ್ಕ ಮಾಡಿ. ತ್ರಿಜ್ಯ 10 ನ್ಯಾನೋಮೀಟರ್, ಸ್ಪರ್ಶಕೋನ 90 ಡಿಗ್ರಿ, ಎಣ್ಣೆ-ನೀರಿನ ನಡುವಿನ ಸೆಳೆತ ಮೀಟರಿಗೆ 0.05 ನ್ಯೂಟನ್ ಇರಲಿ. ಕಣವನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿ ಎಂದರೆ ಕಣ ಮುಚ್ಚಿದ ವೃತ್ತದ ವಿಸ್ತೀರ್ಣವನ್ನು ಈ ಸೆಳೆತದಿಂದ ಗುಣಿಸಿದಷ್ಟು: ಸುಮಾರು 1.57 × 10⁻¹⁷ ಜೌಲ್. 300 ಕೆಲ್ವಿನ್‌ನಲ್ಲಿ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ತಾಪದಿಂದ ಗುಣಿಸಿದರೆ 4.1 × 10⁻²¹ ಜೌಲ್. ಅಂದರೆ ಶಾಖದ ಅಲುಗಾಟಕ್ಕಿಂತ ಸುಮಾರು 3,800 ಪಟ್ಟು! ಸಾಬೂನಿನ ಅಣು ಗಡಿಗೆ ಬರುತ್ತಾ ಹೋಗುತ್ತಾ ಇರುತ್ತದೆ. ಕಣ ಕೂತರೆ ಏಳುವುದಿಲ್ಲ.

ಇದಕ್ಕೆ ಬೇಕಾದ ಕಣ ನಮ್ಮ ನವಲಗುಂದದ ಹೊಲದಲ್ಲೇ ಇದೆ. ಬೇಸಿಗೆಯಲ್ಲಿ ಬಾಯಿ ಬಿಡುವ, ಮಳೆಗೆ ಉಬ್ಬುವ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೇರಳ. ಕಳೆದ ವರ್ಷ ಪ್ರಯೋಗಾಲಯದಲ್ಲಿ ಎರೆಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕದಡು ನೀರು ತೆಗೆದೆವು. ಅದಕ್ಕೆ ಚಿಟಿಕೆ ಉಪ್ಪು, ಶೇಂಗಾ ಎಣ್ಣೆ ಹಾಕಿ ಕುಲುಕಿದೆವು. ಜೇಡಿ ಕಣಗಳಿಗೂ ಎಣ್ಣೆ ಹನಿಗೂ ಋಣ ವಿದ್ಯುದಂಶವಿದ್ದು ಒಂದನ್ನೊಂದು ದೂಡುತ್ತವೆ. ಉಪ್ಪು ಆ ವಿಕರ್ಷಣೆಯನ್ನು ತಗ್ಗಿಸುತ್ತದೆ. ಪಕ್ಕದಲ್ಲಿ ಮಣ್ಣಿಲ್ಲದೆ ಉಪ್ಪುನೀರು, ಎಣ್ಣೆ ಮಾತ್ರ ಇದ್ದ ಸೀಸೆ ಇಟ್ಟೆವು. ಅದರಲ್ಲಿ ಎಣ್ಣೆ ಬೇಗ ಬೇರೆಯಾಯಿತು. ಮಣ್ಣಿನ ಸೀಸೆಯಲ್ಲಿ ಮರುದಿನವೂ ಕಂದು ಹನಿಗಳ ಪದರ ಉಳಿದಿತ್ತು. ಅದರ ಒಂದು ಹನಿಯನ್ನು ನೀರಿಗೆ ಹಾಕಿದಾಗ ಸರಾಗವಾಗಿ ಹರಡಿತು: ಹೊರಗಿರುವುದು ನೀರು ಎಂಬುದಕ್ಕೆ ಸಾಕ್ಷಿ. ಮಸಿಯಿಂದ ಎಮಲ್ಷನ್ ಮಾಡಲು ಬರೀ ಕೈಯಿಂದ ಕುಲುಕಿದ್ದು ಸಾಲಲಿಲ್ಲ. ಆದರೆ ಮಸಿ ನೀರಿನ ಮೇಲೆ ತೇಲಿತು, ಎಣ್ಣೆಯಲ್ಲಿ ಬೆರೆಯಿತು. ಅದರ ಒಲವು ಯಾವ ಕಡೆ ಎಂದು ಎಲ್ಲರೂ ಕಂಡರು.

ಇದರ ಉಪಯೋಗಗಳು ದೂರದವಲ್ಲ. ಬೆಣ್ಣೆಯೊಳಗಿನ ನೀರಿನ ಹನಿಗಳನ್ನು ಹಿಡಿದಿಡುವುದರಲ್ಲಿ ಕೊಬ್ಬಿನ ಹರಳುಗಳ ಪಾಲಿದೆ. ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿ ಸತುವಿನ ಆಕ್ಸೈಡಿನ ಕಣಗಳು ಕಿರಣವನ್ನೂ ತಡೆಯಬಲ್ಲವು, ಹನಿಯನ್ನೂ ಕಾಯಬಲ್ಲವು. ಹಾಗಾಗಿ ಚರ್ಮಕ್ಕೆ ಉರಿ ತರಬಹುದಾದ ಮಾರ್ಜಕಗಳನ್ನು ಕಡಿಮೆ ಮಾಡಬಹುದು. ಕೆಲವೆಡೆ ಇದೇ ಗುಣ ತೊಂದರೆಯೂ ಹೌದು. ಕಚ್ಚಾ ತೈಲದಲ್ಲಿ ಜೇಡಿ, ಮೇಣ, ಆಸ್ಫಾಲ್ಟೀನ್ ಕಣಗಳು ಉಪ್ಪುನೀರಿನ ಹನಿಗಳನ್ನು ಬಿಗಿಯಾಗಿ ಹಿಡಿದಿರುತ್ತವೆ. ಶುದ್ಧೀಕರಣ ಘಟಕಗಳಲ್ಲಿ ಶಾಖ, ವಿದ್ಯುತ್ ಕ್ಷೇತ್ರ ಮತ್ತು ರಾಸಾಯನಿಕಗಳಿಂದ ಅವನ್ನು ಬಿಡಿಸಬೇಕಾಗುತ್ತದೆ.

ಆ ವಿದ್ಯಾರ್ಥಿನಿ ಪಿಯುಸಿ ಮುಗಿಸಿ ಹೋಗಿದ್ದಾಳೆ. ಈ ಸಂಚಿಕೆ ಆಕೆಯ ಕೈಗೆ ಸಿಕ್ಕರೆ ಓದಲಿ: ನಿನ್ನ ಪ್ರಶ್ನೆ ಸರಿಯಾಗಿತ್ತಮ್ಮ, ತಪ್ಪಿದ್ದು ನನ್ನ ಉತ್ತರ. ಉಳಿದವರಿಗೆ ನನ್ನದೊಂದು ಮಾತು. ಪಟ್ಟಿಯಲ್ಲಿ ಒಂದು ಹೆಸರು ಬೇರೆಯವುಗಳ ಜೊತೆ ಹೊಂದುತ್ತಿಲ್ಲ ಅನಿಸಿದರೆ ಎದ್ದು ಕೇಳಿ. ನಾನು ಮತ್ತೆ ಗದರಿಸಿದರೆ ಈ ಲೇಖನ ತೋರಿಸಿ.